ಸರಪಣಿಯಿಂದ ತಂತ್ರಾಂಶದವರೆಗೆ: ಭೂಮಾಪನದ ಲೆಕ್ಕದ ಚರಿತ್ರೆ

ನಿಮ್ಮ ಊರಿನ ಯಾವುದಾದರೂ ಜಮೀನಿನ ಪಹಣಿಯನ್ನು ನೋಡಿ. ವಿಸ್ತೀರ್ಣವನ್ನು ಎಕರೆ, ಗುಂಟೆಗಳಲ್ಲಿ ಬರೆದಿರುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ. ಅಂಥ 40 ಚೌಕಗಳು ಸೇರಿದರೆ ಒಂದು ಎಕರೆ. ನಮ್ಮ ಹಳೆಯ ಮೋಜಣಿಯ ಸರಪಣಿಯ ಉದ್ದವೂ 33 ಅಡಿ. ಅದರಲ್ಲಿ 16 ಆಣೆಗಳು. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರಲ್ಲಿ ಬಳಕೆಗೆ ತಂದ 66 ಅಡಿಯ, 100 ಕೊಂಡಿಗಳ ಸರಪಣಿಯ ಸರಿಯಾಗಿ ಅರ್ಧ ಇದು.

ಅದೇ ವರ್ಷ ಗಂಟರ್ ಸೈನ್ ಮತ್ತು ಟ್ಯಾಂಜೆಂಟ್‌ಗಳ ಲಾಗರಿದಮ್ ಕೋಷ್ಟಕವನ್ನೂ ಪ್ರಕಟಿಸಿದರು. ಹೊಲದಲ್ಲಿ ಅಳೆಯಲು ಸರಪಣಿ, ಮೇಜಿನ ಮೇಲೆ ಲೆಕ್ಕ ಮಾಡಲು ಕೋಷ್ಟಕ. ಭೂಮಾಪನಕ್ಕೆ ಎರಡೂ ಬೇಕು. ಇಂದಿನ ಸರ್ವೆ ತಂತ್ರಾಂಶ ಈ ಕೋಷ್ಟಕದ ವಾರಸುದಾರ. ಹಾಗಾಗಿ ಅದರ ಚರಿತ್ರೆ ಕಂಪ್ಯೂಟರ್ ಯಂತ್ರಕ್ಕಿಂತ ಹಳೆಯದು.

ಮನುಷ್ಯನೇ ಕಂಪ್ಯೂಟರ್

1800ರ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ 7 ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯೊಂದನ್ನು ಉಕ್ಕಿನ ಸರಪಣಿಯಿಂದ ಅಳೆದರು. ತ್ರಿಭುಜದ ಒಂದು ಬಾಹು ಮತ್ತು ಕೋನಗಳು ತಿಳಿದರೆ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದಲ್ಲವೆ? ಇದೇ ತ್ರಿಕೋನ ಸರ್ವೆಯ ತಿರುಳು. ಅಳತೆ ಸ್ವಲ್ಪ, ಲೆಕ್ಕ ಅಪಾರ. ಆದ್ದರಿಂದ ಸರ್ವೆ ಇಲಾಖೆಯಲ್ಲಿ ‘ಕಂಪ್ಯೂಟರ್’ ಎಂಬ ಹುದ್ದೆಯೇ ಇತ್ತು. 1831ರಲ್ಲಿ ಆ ಹುದ್ದೆಗೆ ಸೇರಿದ ರಾಧಾನಾಥ ಸಿಕ್ದಾರ್, ಇಂದು ಎವರೆಸ್ಟ್ ಎನಿಸಿಕೊಂಡಿರುವ ಶಿಖರದ ಎತ್ತರದ ಲೆಕ್ಕ ಮಾಡಿದವರು.

ಈ ಲೆಕ್ಕಿಗರ ಮುಂದಿದ್ದ ನಿತ್ಯದ ಸಮಸ್ಯೆ ಒಂದಿತ್ತು. ಹೊಲದ ಸುತ್ತ ಬಿಂದುವಿನಿಂದ ಬಿಂದುವಿಗೆ ಅಳೆಯುತ್ತ ಹೊರಟಲ್ಲಿಗೇ ಮರಳಿದರೂ, ಕಾಗದದ ಮೇಲೆ ರೇಖೆ ಸರಿಯಾಗಿ ಕೂಡುವುದಿಲ್ಲ. ಪ್ರತಿ ಅಳತೆಯಲ್ಲೂ ಇರುವ ಸಣ್ಣ ದೋಷಗಳು ಕೊನೆಯಲ್ಲಿ ಒಂದು ಬಿರುಕಾಗಿ ಕಾಣುತ್ತವೆ. ಈ ಬಿರುಕನ್ನು ಬಾಹುಗಳ ಉದ್ದಕ್ಕೆ ಅನುಪಾತವಾಗಿ ಹಂಚುವ ನಿಯಮವನ್ನು 1808ರಲ್ಲಿ ಅಮೆರಿಕದ ನಥಾನಿಯಲ್ ಬೌಡಿಚ್ ಕೊಟ್ಟರು. ಇಂದಿನ ತಂತ್ರಾಂಶಗಳಲ್ಲಿಯೂ ಇದು ಇದೆ. ಜೊತೆಗೆ ಕನಿಷ್ಠ ವರ್ಗ ವಿಧಾನವೂ ಇದೆ.

ಲೆಕ್ಕ ಯಂತ್ರಕ್ಕೆ ದಾಟಿದ್ದು

1960ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಚಾರ್ಲ್ಸ್ ಮಿಲ್ಲರ್ ಮತ್ತು ಸಂಗಡಿಗರು ‘ಕೋಗೊ’ ಎಂಬ ತಂತ್ರಾಂಶವನ್ನು ರೂಪಿಸಿದರು. ನಿರ್ದೇಶಾಂಕ ಜ್ಯಾಮಿತಿ ಎಂಬುದರ ಇಂಗ್ಲಿಷ್ ಹೆಸರಿನ ಸಂಕ್ಷೇಪವೇ ಕೋಗೊ. ಪ್ರತಿ ಬಿಂದುವಿಗೂ ಒಂದು ಸಂಖ್ಯೆ, ಆ ಸಂಖ್ಯೆಯ ಹಿಂದೆ ಅದರ ನಿರ್ದೇಶಾಂಕಗಳು. ಕಂಪ್ಯೂಟರ್ ಭಾಷೆ ಅರಿಯದ ಇಂಜಿನಿಯರ್ ತನ್ನ ವೃತ್ತಿಯ ಪದಗಳಲ್ಲೇ ಆದೇಶ ಕೊಡಬಹುದಿತ್ತು. ನಿರ್ದೇಶಾಂಕ ಸಿಕ್ಕಿತೆಂದರೆ ವಿಸ್ತೀರ್ಣ ಸುಲಭ. ನೀವೇ ಮಾಡಿ ನೋಡಿ. ಒಂದು ಹೊಲದ ಮೂಲೆಗಳು ಮೀಟರ್‌ಗಳಲ್ಲಿ (0,0), (60,5), (55,45), (5,40) ಇರಲಿ. ಒಂದರ ನಂತರ ಒಂದರಂತೆ ಎರಡೆರಡು ಮೂಲೆಗಳನ್ನು ತೆಗೆದುಕೊಂಡು ಅಡ್ಡಗುಣಾಕಾರ ಮಾಡಿ ಕಳೆಯಿರಿ: 0, 2425, 1975, 0. ಮೊತ್ತ 4400, ಅದರ ಅರ್ಧ 2200 ಚದರ ಮೀಟರ್. ಅಂದರೆ ಸುಮಾರು 21 ಗುಂಟೆ 12 ಆಣೆ.

1970ರ ದಶಕದಲ್ಲಿ ಲೆಕ್ಕ ಜೇಬಿಗೂ ಬಂತು. 1972ರ ಎಚ್‌ಪಿ-35 ಕ್ಯಾಲ್ಕುಲೇಟರ್ ಗುಂಡಿ ಒತ್ತಿದೊಡನೆ ಸೈನ್ ಬೆಲೆ ಕೊಟ್ಟು ಲಾಗರಿದಮ್ ಪುಸ್ತಕವನ್ನು ಮೂಲೆಗೆ ಸರಿಸಿತು. ಅದೇ ದಶಕದಲ್ಲಿ ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುವ ಟೋಟಲ್ ಸ್ಟೇಷನ್ ಬಂತು. 1982ರಲ್ಲಿ ಆಟೋಕ್ಯಾಡ್ ಬಂದು ನಕ್ಷೆಯೂ ಪರದೆಗೆ ಏರಿತು. ಉಪಕರಣ, ಲೆಕ್ಕ, ನಕ್ಷೆ ಮೂರೂ ಒಂದೇ ಕಡತದಲ್ಲಿ ಹರಿಯತೊಡಗಿದಾಗ, ಅಂಕಿಗಳನ್ನು ಪುಸ್ತಕದಿಂದ ಪುಸ್ತಕಕ್ಕೆ ನಕಲಿಸುವಾಗ ಆಗುತ್ತಿದ್ದ ತಪ್ಪುಗಳು ಬಹುಮಟ್ಟಿಗೆ ತಪ್ಪಿದವು. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿದ ಮೇಲೆ ಉಪಗ್ರಹದ ನೆರವೂ ಎಲ್ಲರಿಗೆ ದೊರೆಯಿತು.

ನಮ್ಮ ಹೊಲಗಳಲ್ಲಿ

ಕರ್ನಾಟಕದಲ್ಲಿ ‘ಭೂಮಿ’ ಯೋಜನೆ 2002ರ ವೇಳೆಗೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಆದರೆ ಅದು ದಾಖಲೆಯ ಮಾತು. ನಕ್ಷೆಯ ಕೆಲಸ ಬೇರೆ. ಪೋಡಿ, ಹದ್ದುಬಸ್ತು, 11ಇ ನಕ್ಷೆಗಳ ಅರ್ಜಿಗಳು ಆನಂತರ ‘ಮೋಜಿಣಿ’ ತಂತ್ರಾಂಶದ ಮೂಲಕ ಸಾಗತೊಡಗಿದವು. ಅಣ್ಣತಮ್ಮಂದಿರಿಗೆ ಜಮೀನು ಪಾಲಾಗಬೇಕೆಂದುಕೊಳ್ಳಿ. ಕ್ಯಾಡ್ ತಂತ್ರಾಂಶದಲ್ಲಿ ಭೂಮಾಪಕರು ವಿಭಜನಾ ರೇಖೆಯನ್ನು ಸರಿಸುತ್ತ ಹೋದಂತೆ ಎರಡೂ ಕಡೆಯ ವಿಸ್ತೀರ್ಣ ಪರದೆಯ ಮೇಲೆ ಬದಲಾಗುತ್ತದೆ. ಹಿಂದೆ ಇದಕ್ಕೆ ಮತ್ತೆ ಮತ್ತೆ ಲೆಕ್ಕ ಮಾಡಬೇಕಿತ್ತು.

ಆದರೆ ಇಲ್ಲಿಯೇ ಎಚ್ಚರ ಬೇಕು. ಹಳೆಯ ಟಿಪ್ಪಣಿ ನಕ್ಷೆಗಳನ್ನು ಆಯಾ ಹೊಲದ ಆಧಾರರೇಖೆಯಿಂದ ಸರಪಣಿ ಹಿಡಿದು ಬರೆದದ್ದು. ಅವುಗಳಲ್ಲಿ ಅಕ್ಷಾಂಶ, ರೇಖಾಂಶಗಳಿಲ್ಲ. ಅವನ್ನು ಉಪಗ್ರಹ ಚಿತ್ರದ ಮೇಲೆ ಇಟ್ಟಾಗ ಬದುಗಳು ಎಲ್ಲ ಕಡೆ ಹೊಂದುವುದಿಲ್ಲ. ‘ದಿಶಾಂಕ್’ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ನಿಜ. ಆದರೆ ಮೊಬೈಲಿನ ಜಿಪಿಎಸ್‌ನಲ್ಲಿ ಕೆಲವು ಮೀಟರ್‌ಗಳ ದೋಷ ಸಾಮಾನ್ಯ. 60 ಮೀಟರ್ ಉದ್ದದ ಬದು 5 ಮೀಟರ್ ಸರಿದರೆ 300 ಚದರ ಮೀಟರ್, ಅಂದರೆ ಸುಮಾರು 3 ಗುಂಟೆ ಅತ್ತಿತ್ತ ಆಗುತ್ತದೆ. ನೆರೆಹೊರೆಯವರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಲು ಇದಕ್ಕಿಂತ ಕಡಿಮೆ ಸಾಕು.

ತಂತ್ರಾಂಶ ವಿಸ್ತೀರ್ಣವನ್ನು ದಶಮಾಂಶದ ನಾಲ್ಕನೆಯ ಸ್ಥಾನದವರೆಗೂ ಕೊಡಬಲ್ಲದು. ಆದರೆ ಮೂಲೆಯ ಕಲ್ಲು ಎಲ್ಲಿತ್ತು ಎಂಬುದನ್ನು ಅದು ಹೇಳಲಾರದು. ಅದಕ್ಕೆ ಇಂದಿಗೂ ಮೂಲ ಟಿಪ್ಪಣಿ, ಗಡಿಕಲ್ಲು, ಅಕ್ಕಪಕ್ಕದ ಹಿಡುವಳಿದಾರರ ಹಾಜರಿ ಬೇಕು. ಅಂಕಿಗಳ ಉದ್ದವೇ ಅಳತೆಯ ನಿಖರತೆಯಲ್ಲ.

ಶಿಕ್ಷಕರು ಇದನ್ನು ಶಾಲೆಯ ಆಟದ ಮೈದಾನದಲ್ಲಿಯೇ ತೋರಿಸಬಹುದು. 33 ಅಡಿಯ ಹಗ್ಗದಿಂದ ಮೈದಾನವನ್ನು ಅಳೆಸಿ; ಅದರ ಮೂಲೆಗಳನ್ನು ಮೊಬೈಲಿನಿಂದಲೂ ಗುರುತಿಸಿ. ಎರಡೂ ವಿಸ್ತೀರ್ಣಗಳನ್ನು ಲೆಕ್ಕಮಾಡಿ ಹೋಲಿಸಿ. ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ನಕ್ಷೆಯನ್ನೂ ಬರೆಯಬಹುದು. ಎರಡು ಉತ್ತರಗಳು ಏಕೆ ಹೊಂದಲಿಲ್ಲವೆಂದು ವಿದ್ಯಾರ್ಥಿಗಳು ಕೇಳುವರು. ಭೂಮಾಪನದ ಪಾಠವನ್ನು ಆ ಪ್ರಶ್ನೆಯಿಂದಲೇ ಆರಂಭಿಸಿ.