ನಾಲ್ಕು ದಾರಿ ಕೂಡುವ ಅಕ್ಷರ

ಚೀನೀ ಭಾಷೆಯಲ್ಲಿ ಬ್ಯಾಂಕಿಗೆ ‘ಯಿನ್‌ಹಾಂಗ್’ ಅಂತಾರೆ. ‘ಯಿನ್’ ಅಂದರೆ ಬೆಳ್ಳಿ, ‘ಹಾಂಗ್’ ಅಂದರೆ ಸಾಲು, ವ್ಯಾಪಾರದ ಕೋಠಿ. ಮಿಂಗ್, ಚಿಂಗ್ ಅರಸರ ಕಾಲದಲ್ಲಿ ದೊಡ್ಡ ವ್ಯವಹಾರವೆಲ್ಲ ಬೆಳ್ಳಿಯ ತೂಕದಲ್ಲೇ ನಡೆಯುತ್ತಿತ್ತು. ಬ್ಯಾಂಕಿನಲ್ಲೇ ತಲೆ ನರೆಸಿಕೊಂಡ ನನ್ನಂಥವನಿಗೆ ಈ ಹೆಸರು ಕುತೂಹಲ ಹುಟ್ಟಿಸಿದ್ದು ಸಹಜ. ತಮಾಷೆ ಏನೆಂದರೆ, ಅದೇ ‘ಹಾಂಗ್’ ಅಕ್ಷರವನ್ನು ಬೇರೆ ಕಡೆ ‘ಶಿಂಗ್’ ಅಂತ ಓದಬೇಕು. ಆಗ ಅರ್ಥ ‘ನಡೆ’, ಇಲ್ಲವೇ ‘ಸರಿ, ಆಗಬಹುದು’!

ನಮ್ಮ ‘ಹತ್ತು’ ಸಂಖ್ಯೆಯೂ ಹೌದು, ಮೆಟ್ಟಿಲು ಹತ್ತುವುದೂ ಹೌದು. ಆದರೆ ಉಚ್ಚಾರ ಒಂದೇ. ಚೀನೀಯರಲ್ಲಿ ಬರಹ ಒಂದೇ, ಅರ್ಥದ ಜೊತೆ ಉಚ್ಚಾರವೂ ಬದಲಾಗುತ್ತದೆ.

ಮೂರು ಸಾವಿರ ವರ್ಷಕ್ಕೂ ಹಿಂದೆ ಎಲುಬು, ಆಮೆಚಿಪ್ಪುಗಳ ಮೇಲೆ ಕೊರೆದಾಗ ಈ ಅಕ್ಷರ ನಾಲ್ಕು ದಾರಿ ಕೂಡುವ ಚಿತ್ರವಾಗಿತ್ತು. ದಾರಿಯಿಂದ ನಡಿಗೆ, ಸಾಲು ಎಂಬ ಅರ್ಥಗಳು ಬಂದವು. ಟಾಂಗ್ ಅರಸರ ಕಾಲದಲ್ಲಿ (618–907) ಒಂದೊಂದು ಕಸುಬಿನ ಅಂಗಡಿಗಳು ಪೇಟೆಯಲ್ಲಿ ಒಂದೊಂದು ಸಾಲಾಗಿ ಇರುತ್ತಿದ್ದವು. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ ಇವೆಯಲ್ಲ, ಹಾಗೆ. ಸಾಲಿನ ಹೆಸರೇ ಆ ವ್ಯಾಪಾರಿಗಳ ಸಂಘಕ್ಕೂ ಬಂತು.

ದಕ್ಷಿಣದ ಕ್ಯಾಂಟನ್ ಬಂದರಿನಲ್ಲಿ ಇದೇ ಅಕ್ಷರ ‘ಹೊಂಗ್’. 1757ರಿಂದ 1842ರವರೆಗೆ ಯುರೋಪಿನ ಹಡಗುಗಳ ವ್ಯಾಪಾರಕ್ಕೆ ಅದೊಂದೇ ಬಂದರು. ಸರ್ಕಾರದ ಪರವಾನಗಿ ಇದ್ದ ‘ಹೊಂಗ್’ ವ್ಯಾಪಾರಿಗಳ ಮೂಲಕವೇ ವ್ಯವಹಾರ. ನಮ್ಮ ಮುಂಬಯಿಯಿಂದ ಹತ್ತಿ, ಅಫೀಮು ಅಲ್ಲಿಗೇ ಹೋದವು. ಮುಂಬಯಿಯ ಜೆ.ಜೆ. ಆಸ್ಪತ್ರೆಗೆ ಹಣ ಕೊಟ್ಟ ಜಮ್ಸೇಟ್‌ಜಿ ಜೀಜೀಭಾಯ್ ಅವರ ಸಂಪತ್ತಿನ ಮೂಲವೂ ಆ ವ್ಯಾಪಾರವೇ. ದಾನವೂ ನಿಜ, ಅಫೀಮೂ ನಿಜ.

ಜಪಾನಿನಲ್ಲಿ ಇದೇ ಅಕ್ಷರಕ್ಕೆ ಚೀನಾದಿಂದ ಬಂದ ಉಚ್ಚಾರಗಳೇ ಮೂರು. ಮೊದಲು ಬಂದದ್ದು ‘ಗ್ಯೋ’. ಟಾಂಗ್ ರಾಜಧಾನಿಯಲ್ಲಿ ಓದಿ ಬಂದವರು ‘ಕೋ’ ತಂದರು. ಆಮೇಲೆ ಝೆನ್ ಸನ್ಯಾಸಿಗಳ ಕಾಲದಲ್ಲಿ ‘ಆನ್’ ಬಂತು. ಹೊಸದು ಬಂತೆಂದು ಹಳೆಯದನ್ನು ಯಾರೂ ಅಳಿಸಲಿಲ್ಲ. ಮೂರೂ ಖಾತೆ ಚಾಲ್ತಿಯಲ್ಲಿವೆ. 1872ರ ಬ್ಯಾಂಕ್ ಕಾನೂನಿನಲ್ಲಿ ಬ್ಯಾಂಕು ‘ಗಿನ್‌ಕೋ’ ಆಯಿತು.

ಚೀನಾದಲ್ಲಿ ಬ್ಯಾಂಕಿನ ಮುಖ್ಯಸ್ಥ ‘ಹಾಂಗ್‌ಜಾಂಗ್’. ‘ಜಾಂಗ್’ ಅಂದರೆ ಮುಖ್ಯಸ್ಥ. ಅದನ್ನೇ ‘ಛಾಂಗ್’ ಎಂದರೆ ಉದ್ದ. ಯಾವುದನ್ನು ಹೇಗೆ ಓದಬೇಕು ಅನ್ನುವುದು ಪಕ್ಕದ ಅಕ್ಷರ ನೋಡಿದ ಮೇಲೇ ಗೊತ್ತಾಗುವುದು.

ಹೊರನಾಡಿನಲ್ಲಿರುವ ನಾವೂ ಹೀಗೇ. ಮನೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಊರಿಗೆ ಬಂದಾಗ ‘ನಿಮ್ಮ ಮಕ್ಕಳ ಕನ್ನಡ ಒಂಥರಾ’ ಅಂತ ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ತಿದ್ದುವ ಮೊದಲು ಒಂದು ಗಳಿಗೆ ಕಿವಿಗೊಡಿ. ಆ ‘ಒಂಥರಾ’ದಲ್ಲಿ ನಾವು ನಡೆದು ಬಂದ ದಾರಿಯಿದೆ.