ಬಿಡುಗಡೆಯ ನಂತರದ ಕರಾರುಪತ್ರ

ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿ 1865ರ ಡಿಸೆಂಬರ್ ತಿಂಗಳಲ್ಲಿ ಅಂಗೀಕೃತವಾಗಿ, ಆ ದೇಶದಲ್ಲಿ ಗುಲಾಮಗಿರಿ ಕಾನೂನಿನ ಮಟ್ಟಿಗೆ ಕೊನೆಗೊಂಡಿತು. ಅಂತರ್ಯುದ್ಧದ ಆರಂಭದಲ್ಲಿ ಗುಲಾಮರಾಗಿದ್ದ ಸುಮಾರು 40 ಲಕ್ಷ ಜನರಲ್ಲಿ ಹೆಚ್ಚಿನವರು ದಕ್ಷಿಣ ರಾಜ್ಯಗಳ ಹತ್ತಿ, ಕಬ್ಬು, ಭತ್ತ, ಹೊಗೆಸೊಪ್ಪಿನ ಬೇಸಾಯದಲ್ಲಿ ದುಡಿದವರು. ಅದುವರೆಗೆ ಧಣಿಯ ಆಸ್ತಿಪಟ್ಟಿಯಲ್ಲಿ ದನಕರುಗಳೊಡನೆ ಬೆಲೆ ಕಟ್ಟಿ ಬರೆಯಲ್ಪಡುತ್ತಿದ್ದ ಮನುಷ್ಯನು ಈಗ ಅದೇ ಧಣಿಯೊಡನೆ ಕರಾರು ಮಾಡಿಕೊಳ್ಳುವ ಕಕ್ಷಿಗಾರನಾದನು. ಈ ಬದಲಾವಣೆ ಎಷ್ಟರಮಟ್ಟಿಗೆ ನಿಜವಾಗಿತ್ತೆಂಬುದನ್ನು ಆ ಕರಾರುಗಳ ಷರತ್ತುಗಳೇ ತಿಳಿಸುತ್ತವೆ.

ಬಿಡುಗಡೆ ಹೊಂದಿದವರು ಮೊದಲು ಬಯಸಿದ್ದು ಕೂಲಿಯನ್ನಲ್ಲ, ಸ್ವಂತ ಭೂಮಿಯನ್ನು. 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಹೊರಡಿಸಿದ ಆದೇಶದಂತೆ ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾದವರೆಗಿನ ಕರಾವಳಿಯಲ್ಲಿ ಕುಟುಂಬವೊಂದಕ್ಕೆ 40 ಎಕರೆ ಮೀರದಂತೆ ಜಮೀನು ಹಂಚಲಾಯಿತು. ಸುಮಾರು 40,000 ಜನ ಅಲ್ಲಿ ನೆಲೆಸಿ ಉಳತೊಡಗಿದರು. ಆದರೆ ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆಯ ಒಡೆಯರಿಗೆ ಕ್ಷಮಾದಾನ ನೀಡಿ ಜಮೀನನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಬಿಡುಗಡೆ ಹೊಂದಿದವರ ನೆರವಿಗೆಂದು ಸ್ಥಾಪಿತವಾಗಿದ್ದ ‘ಫ್ರೀಡ್‌ಮೆನ್ಸ್ ಬ್ಯೂರೊ’ ಎಂಬ ಸರ್ಕಾರಿ ಇಲಾಖೆಯ ಮುಖ್ಯಸ್ಥ ಜನರಲ್ ಹೋವರ್ಡ್ ಅವರೇ ಅಕ್ಟೋಬರ್ ತಿಂಗಳಲ್ಲಿ ಎಡಿಸ್ಟೊ ದ್ವೀಪಕ್ಕೆ ಹೋಗಿ ಈ ಸುದ್ದಿಯನ್ನು ಹೇಳಬೇಕಾಯಿತು. ದಬ್ಬಾಳಿಕೆ ನಡೆಸಿದವರ ಕೈಗೇ ತಮ್ಮನ್ನು ಮತ್ತೆ ಒಪ್ಪಿಸಬೇಡಿರೆಂದು ದ್ವೀಪದ ಜನ ಮನವಿ ಬರೆದರು, ಅದು ಫಲಿಸಲಿಲ್ಲ. ಭೂಮಿ ಕೈತಪ್ಪಿದ ಮೇಲೆ ಉಳಿದ ದಾರಿ ಒಂದೇ, ಕರಾರಿಗೆ ಸಹಿ ಹಾಕುವುದು.

ಬ್ಯೂರೊ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಇಂತಹ ಅಸಂಖ್ಯಾತ ಕರಾರುಗಳು ಆದವು. ಅವಧಿ ಸಾಮಾನ್ಯವಾಗಿ ಒಂದು ವರ್ಷ. ಪ್ರತಿಫಲವೋ ತಿಂಗಳ ಸಂಬಳ ಅಥವಾ ಬೆಳೆಯಲ್ಲಿ ಒಂದು ಪಾಲು. ಕೆಲಸ ತಪ್ಪಿದ ದಿನಗಳಿಗೆ ಕಡಿತವುಂಟು. ಅಪ್ಪಣೆಯಿಲ್ಲದೆ ತೋಟ ಬಿಟ್ಟು ಹೋಗಕೂಡದೆಂಬ ನಿಬಂಧನೆಯೂ ಹಲವು ಪತ್ರಗಳಲ್ಲಿತ್ತು. ಗುಲಾಮರಿಗೆ ಅಕ್ಷರ ಕಲಿಸುವುದು ದಕ್ಷಿಣದ ಅನೇಕ ರಾಜ್ಯಗಳಲ್ಲಿ ಅಪರಾಧವಾಗಿದ್ದುದರಿಂದ, ಬಹುಪಾಲು ಜನ ತಾವು ಓದಲಾರದ ಪತ್ರದ ಕೆಳಗೆ ಗೀಟಿನ ಗುರುತನ್ನು ಹಾಕಿದರು. ಕೆಲವು ಅಧಿಕಾರಿಗಳು ಅನ್ಯಾಯದ ಷರತ್ತುಗಳನ್ನು ತೆಗೆಸಿ ಕೂಲಿ ಕೊಡಿಸಿದ್ದುಂಟು. ಬೇಗ ಸಹಿ ಹಾಕಿರೆಂದು ಒತ್ತಾಯಿಸಿದವರೂ ಉಂಟು.

ರಾಜ್ಯಗಳ ಶಾಸನಗಳು ಈ ಒತ್ತಾಯಕ್ಕೆ ದಂಡನೆಯ ಬಲವನ್ನು ಒದಗಿಸಿದವು. 1865ರ ಮಿಸಿಸಿಪಿ ಶಾಸನದ ಪ್ರಕಾರ ಸಕಾರಣವಿಲ್ಲದೆ ಅವಧಿಗೆ ಮುಂಚೆ ಕೆಲಸ ಬಿಟ್ಟವನು ಆ ವರ್ಷ ಅದುವರೆಗೆ ದುಡಿದ ಕೂಲಿಯನ್ನೆಲ್ಲ ಕಳೆದುಕೊಳ್ಳುತ್ತಿದ್ದನು. ಉದ್ಯೋಗದ ಲಿಖಿತ ಆಧಾರವನ್ನೂ ಇಟ್ಟುಕೊಂಡಿರಬೇಕಾಗಿತ್ತು. ಅಲೆಮಾರಿಯೆಂದು ಶಿಕ್ಷೆಗೊಳಗಾಗಿ ದಂಡ ಕಟ್ಟಲಾಗದವನನ್ನು, ದಂಡ ಕಟ್ಟಿದವರ ಬಳಿ ದುಡಿಯಲು ಒಪ್ಪಿಸಲಾಗುತ್ತಿತ್ತು. ದಕ್ಷಿಣ ಕೆರೊಲಿನಾದಲ್ಲಿ ಕಪ್ಪು ಮನುಷ್ಯನು ಅಂಗಡಿ ಇಡಬೇಕಾದರೆ ವರ್ಷಕ್ಕೆ 100 ಡಾಲರ್ ಪರವಾನಗಿ ಶುಲ್ಕ ತೆರಬೇಕಾಗಿತ್ತು. ಬೇರೆ ಜೀವನೋಪಾಯದ ಬಾಗಿಲುಗಳನ್ನು ಮುಚ್ಚಿದ ಮೇಲೆ ತೋಟದ ಕರಾರನ್ನು ‘ಒಪ್ಪಿಗೆ’ ಎಂದು ಕರೆಯಲಾಯಿತು.

1866ರ ನಾಗರಿಕ ಹಕ್ಕುಗಳ ಕಾಯಿದೆಯು ಕರಾರು ಮಾಡಿಕೊಳ್ಳುವ ಹಕ್ಕು ಎಲ್ಲ ನಾಗರಿಕರಿಗೂ ಸಮಾನವೆಂದು ಸಾರಿತು. ದುಡಿಯುವ ಜನರೂ ಸುಮ್ಮನಿರಲಿಲ್ಲ. ಮೇಸ್ತ್ರಿಯ ಕಣ್ಗಾವಲಿನಲ್ಲಿ ಗುಂಪಾಗಿ ದುಡಿಯಲು ಅವರು ನಿರಾಕರಿಸಿದರು; ಕುಟುಂಬಕ್ಕೊಂದು ತುಂಡು ಹೊಲ ಬೇಕೆಂದು ಪಟ್ಟುಹಿಡಿದರು. ಈ ಹಗ್ಗಜಗ್ಗಾಟದಿಂದ ಕೋರು ಪದ್ಧತಿ, ಅಂದರೆ ಬೆಳೆಯನ್ನು ಪಾಲು ಮಾಡಿಕೊಳ್ಳುವ ಒಕ್ಕಲುತನ, ವ್ಯಾಪಕವಾಯಿತು. ಆದರೆ ಬಿತ್ತನೆಯಿಂದ ಸುಗ್ಗಿಯವರೆಗೆ ಹೊಟ್ಟೆಗೆ ಬೇಕಲ್ಲ! ಬರಲಿರುವ ಬೆಳೆಯನ್ನೇ ಅಡವಿಟ್ಟು ಅಂಗಡಿಯಿಂದ ಉದ್ರಿ ತರಬೇಕಾಯಿತು. ನಗದು ಬೆಲೆಗಿಂತ ಉದ್ರಿ ಬೆಲೆ ಬಹಳ ಹೆಚ್ಚು. ಲೆಕ್ಕ ಬರೆಯುವವನು ಸಾಲ ಕೊಟ್ಟವನೇ. ಸುಗ್ಗಿ ಮುಗಿದು ಪಾಲು ಹಂಚಿದಾಗ ಅನೇಕರ ಹೆಸರಿನಲ್ಲಿ ಉಳಿದದ್ದು ಬಾಕಿ ಮಾತ್ರ. ಮುಂದಿನ ವರ್ಷದ ಕರಾರಿಗೆ ಅದೇ ಕಾರಣವಾಯಿತು.

ಈ ವ್ಯವಸ್ಥೆಯ ಅಂತರಂಗವನ್ನು ಅಲಬಾಮಾ ರಾಜ್ಯದ ಅಲೊಂಜೊ ಬೇಲಿಯ ಮೊಕದ್ದಮೆ ಬಯಲಿಗೆಳೆಯಿತು. 1907ರ ಡಿಸೆಂಬರ್ ತಿಂಗಳಲ್ಲಿ ಆತನು ತಿಂಗಳಿಗೆ 12 ಡಾಲರಿನಂತೆ ಒಂದು ವರ್ಷ ದುಡಿಯಲು ಒಪ್ಪಿ 15 ಡಾಲರ್ ಮುಂಗಡ ಪಡೆದನು. ತಿಂಗಳಿಗೆ ಒಂದೂಕಾಲು ಡಾಲರಿನಂತೆ ಅದು ವಜಾ ಆಗಬೇಕಾಗಿತ್ತು. ಒಂದು ತಿಂಗಳು ಕಳೆದು ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟನು. ಮುಂಗಡ ಹಿಂದಿರುಗಿಸದೆ ಕೆಲಸ ಬಿಟ್ಟರೆ ಅದೇ ವಂಚನೆಯ ಉದ್ದೇಶಕ್ಕೆ ಮೇಲ್ನೋಟದ ಸಾಕ್ಷ್ಯವೆಂದು ಅಲ್ಲಿಯ ಕಾನೂನು ಹೇಳುತ್ತಿತ್ತು. ತನ್ನ ಮನಸ್ಸಿನಲ್ಲಿದ್ದ ಉದ್ದೇಶವೇನೆಂದು ಸ್ವತಃ ಸಾಕ್ಷಿ ಹೇಳಲು ಆರೋಪಿಗೆ ಅವಕಾಶವಿರಲಿಲ್ಲ. 30 ಡಾಲರ್ ದಂಡ ಮತ್ತು ಖರ್ಚು. ಅದನ್ನು ಕೊಡಲಾಗದಿದ್ದರೆ ಒಟ್ಟು 136 ದಿನಗಳ ಕಠಿಣ ದುಡಿಮೆ. ಆ ಕಾನೂನು 13ನೆಯ ತಿದ್ದುಪಡಿಗೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1911ರಲ್ಲಿ ರದ್ದುಪಡಿಸಿತು. ಸಾಲ ತೀರಿಸದವನಿಂದ ಹಣ ಕೇಳಬಹುದು, ಆತನ ದೇಹದ ದುಡಿಮೆಯನ್ನು ಬಲವಂತದಿಂದ ವಸೂಲು ಮಾಡಲಾಗದು ಎಂಬುದು ಆ ತೀರ್ಪಿನ ತಿರುಳು. ಗುಲಾಮಗಿರಿ ಅಳಿದು ಆಗಲೇ 45 ವರ್ಷಗಳು ಕಳೆದಿದ್ದವು.

ಸಹಿ, ಸಾಕ್ಷಿ, ದಿನಾಂಕ ಎಲ್ಲವೂ ಸರಿಯಾಗಿದ್ದರೂ ಕರಾರು ಅನ್ಯಾಯದ್ದಾಗಬಹುದು ಎಂಬುದಕ್ಕೆ ಈ ಇತಿಹಾಸವೇ ನಿದರ್ಶನ. ‘ಒಲ್ಲೆ’ ಎನ್ನುವ ಶಕ್ತಿಯಿಲ್ಲದವನ ‘ಒಪ್ಪಿದೆ’ ಎಂಬ ಮಾತಿಗೆ ಬೆಲೆ ಕಡಿಮೆ. ಆಳಿಗೆ ಮುಂಗಡ ಕೊಡುವವರೂ ಖಾತೆ ಬರೆಯುವವರೂ ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಎದುರಿಗಿರುವವನು ಆ ಲೆಕ್ಕವನ್ನು ಓದಬಲ್ಲನೇ, ಬೇಡವೆನಿಸಿದಾಗ ಎದ್ದು ಹೋಗಬಲ್ಲನೇ ಎಂದು ಸಹಿಗೆ ಮುನ್ನ ಕೇಳಿಕೊಳ್ಳಬೇಕಾದವರು ಅವರೇ.