ಸಾಕುನಾಯಿಗಳ ಮೈಕ್ರೊಚಿಪ್

ನಾಯಿಯ ಚರ್ಮದಡಿ ಸೂಜಿಯ ಮೂಲಕ ಸೇರಿಸುವ, ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಸಾಧನ. ಗಾಜಿನ ಪುಟ್ಟ ಕೊಳವೆಯೊಳಗೆ ಕೂತಿರುವ ಈ ಚಿಪ್‌ನಲ್ಲಿ ಇರುವುದು 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ನಾಯಿಯ ಹೆಸರಾಗಲಿ, ಮನೆಯವರ ವಿಳಾಸವಾಗಲಿ, ಫೋನ್ ನಂಬರಾಗಲಿ ಅದರಲ್ಲಿ ಇರುವುದಿಲ್ಲ. ಅವೆಲ್ಲ ಬೇರೆಡೆ ಇರುವ ನೋಂದಣಿ ದಾಖಲೆಯಲ್ಲಿರುತ್ತವೆ. ಆ ದಾಖಲೆ ಹುಡುಕಲು ಚಿಪ್‌ನ ಸಂಖ್ಯೆ ಬೇಕು. ಚಿಪ್ ಹಾಕಿಸಬೇಕೇ ಬೇಡವೇ ಎಂಬ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಮೈಯೊಳಗಿನ ಸಂಖ್ಯೆ ಗಟ್ಟಿ, ಹೊರಗಿನ ದಾಖಲೆ ಎಷ್ಟು ಗಟ್ಟಿ ಎಂಬುದೇ ಪ್ರಶ್ನೆ.

ರಚನೆ, ಕೆಲಸ

ಸಾಮಾನ್ಯ ಚಿಪ್ ಸುಮಾರು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ. ಮರಿಗಳಿಗೂ ಬೆಕ್ಕುಗಳಿಗೂ 8 ಮಿ.ಮೀ. ಉದ್ದದ ಇನ್ನೂ ಸಣ್ಣವು ಬಂದಿವೆ. ಒಳಗೆ ತಾಮ್ರದ ಎಳೆ ಸುತ್ತಿದ ಒಂದು ಸುರುಳಿ, ಅದಕ್ಕೆ ಬೆಸೆದ ಸಿಲಿಕಾನ್ ಚೂರು. ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಬಂದಾಗ ಅದು ಹೊರಡಿಸುವ ಕಾಂತಕ್ಷೇತ್ರದಿಂದಲೇ ಸುರುಳಿಯಲ್ಲಿ ಕ್ಷಣಕಾಲ ವಿದ್ಯುತ್ ಹುಟ್ಟುತ್ತದೆ, ಚಿಪ್ ತನ್ನ ಸಂಖ್ಯೆಯನ್ನು ಹೇಳಿ ಮತ್ತೆ ಸುಮ್ಮನಾಗುತ್ತದೆ. ಮೆಟ್ರೊ ನಿಲ್ದಾಣದ ಗೇಟಿಗೆ ಕಾರ್ಡು ತಾಗಿಸಿದಾಗ ನಡೆಯುವುದೂ ಇದೇ. ಸವೆಯುವ ಭಾಗ ಯಾವುದೂ ಇಲ್ಲದ್ದರಿಂದ ಒಮ್ಮೆ ಹಾಕಿದ ಚಿಪ್ ಸಾಮಾನ್ಯವಾಗಿ ನಾಯಿಯ ಆಯುಷ್ಯಪೂರ್ತಿ ಬಾಳುತ್ತದೆ.

'ಚಿಪ್ ಹಾಕಿಸಿದೀವಲ್ಲ ಡಾಕ್ಟ್ರೇ, ಈಗ ಮೊಬೈಲ್‌ನಲ್ಲಿ ಎಲ್ಲಿದಾನೆ ಅಂತ ಹೇಗೆ ನೋಡೋದು?' ಪಶುವೈದ್ಯರ ಕಿವಿಗೆ ಪದೇ ಪದೇ ಬೀಳುವ ಪ್ರಶ್ನೆ ಇದು. ನೋಡಲು ಆಗುವುದಿಲ್ಲ. ಸ್ಕ್ಯಾನರ್ ಕೆಲವೇ ಅಂಗುಲ ದೂರಕ್ಕೆ ಬರಬೇಕು. ಆಚೆ ಬೀದಿಯಲ್ಲಿರುವ ನಾಯಿಯನ್ನು ಚಿಪ್ ತೋರಿಸಿಕೊಡದು. ಓಡಾಟದ ಜಾಡು ಬೇಕಾದವರು ಕೊರಳಿಗೆ ಕಟ್ಟುವ ಜಿಪಿಎಸ್ ಪಟ್ಟಿ ಕೊಳ್ಳಬೇಕು. ಅದನ್ನು ಚಾರ್ಜ್ ಮಾಡುತ್ತಿರಬೇಕು, ಅದು ಕಳಚಿ ಬೀಳಲೂಬಹುದು. ಎರಡರ ಕೆಲಸವೂ ಬೇರೆ ಬೇರೆ.

1996ರಲ್ಲಿ ಬಂದ ಐಎಸ್ಒ 11784 ಮತ್ತು 11785 ಮಾನದಂಡಗಳು ಸಂಖ್ಯೆಯ ವಿನ್ಯಾಸವನ್ನೂ 134.2 ಕಿಲೊಹರ್ಟ್ಸ್ ಆವರ್ತಾಂಕವನ್ನೂ ಗೊತ್ತುಮಾಡಿದವು. 15 ಅಂಕಿಗಳಲ್ಲಿ ಮೊದಲ ಮೂರು ದೇಶವನ್ನೋ ತಯಾರಕರನ್ನೋ ಸೂಚಿಸುತ್ತವೆ. ಭಾರತದ ದೇಶಸಂಕೇತ 356. ಸಂಖ್ಯೆ 9ರಿಂದ ಶುರುವಾದರೆ ಸಾಮಾನ್ಯವಾಗಿ ಅದು ತಯಾರಕರ ಸಂಕೇತ. ಅಮೆರಿಕದಲ್ಲಿ ಮಾತ್ರ ಬಹುಕಾಲ 125, 128 ಕಿಲೊಹರ್ಟ್ಸ್‌ನ ಚಿಪ್‌ಗಳೂ ಚಲಾವಣೆಯಲ್ಲಿದ್ದವು. ಒಂದು ಕಂಪನಿಯ ಸ್ಕ್ಯಾನರ್ ಇನ್ನೊಂದರ ಚಿಪ್ ಓದದೆ, ಮನೆಯಿದ್ದ ನಾಯಿಯೂ ಅನಾಥ ಎನಿಸಿಕೊಳ್ಳುವ ಅಪಾಯವಿತ್ತು. ಎಲ್ಲ ಬಗೆಯನ್ನೂ ಓದುವ ಸ್ಕ್ಯಾನರ್‌ಗಳು ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ಕಡಿಮೆಯಾಗಿದೆ. ಈಗ ಕೊಳ್ಳುವವರು ಐಎಸ್ಒ ಚಿಪ್ ಹೊರತು ಬೇರೆಯದನ್ನು ಒಪ್ಪಬಾರದು.

ಹಾಕುವ ಬಗೆ

ಅನುಭವಿ ಪಶುವೈದ್ಯರು ಮೊದಲು ಖಾಲಿ ಸ್ಕ್ಯಾನರನ್ನು ನಾಯಿಯ ಮೈಮೇಲೆ ಆಡಿಸುತ್ತಾರೆ, ಮೊದಲೇ ಯಾರಾದರೂ ಚಿಪ್ ಹಾಕಿಸಿರಬಹುದಲ್ಲ. ಆಮೇಲೆ ಪೊಟ್ಟಣದಲ್ಲಿರುವ ಚಿಪ್ಪನ್ನೇ ಓದಿಸಿ, ಪರದೆಯ ಮೇಲೆ ಮೂಡಿದ ಸಂಖ್ಯೆಗೂ ಜೊತೆಗೆ ಬಂದ ಬಾರ್‌ಕೋಡ್ ಚೀಟಿಗೂ ತಾಳೆ ನೋಡುತ್ತಾರೆ. ಎರಡು ಹೆಗಲುಗಳ ನಡುವಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದ ಹಾಗೆ ಎತ್ತಿ ಹಿಡಿದು ಸೂಜಿ ಚುಚ್ಚಿ ತಳ್ಳುಕಡ್ಡಿ ಒತ್ತಿದರೆ ಮುಗಿಯಿತು. ಯೂರೋಪಿನ ಹಲವೆಡೆ ಕತ್ತಿನ ಎಡಭಾಗದಲ್ಲಿ ಹಾಕುವ ರೂಢಿಯೂ ಇದೆ. ಸೂಜಿ ಲಸಿಕೆಯ ಸೂಜಿಗಿಂತ ದಪ್ಪ, ಆದ್ದರಿಂದ ಚುಚ್ಚುವ ಗಳಿಗೆಯಲ್ಲಿ ನೋವು ತುಸು ಹೆಚ್ಚೇ. ಅರಿವಳಿಕೆ ಬೇಕಿಲ್ಲ. ನಾಜೂಕಿನ ಮರಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಹಾಕಿಸುವವರೂ ಇದ್ದಾರೆ.

ಕೊನೆಗೆ ಇನ್ನೊಮ್ಮೆ ಸ್ಕ್ಯಾನ್. 'ಬೀಪ್' ಎಂದು ಅದೇ 15 ಅಂಕಿ ಮೂಡಬೇಕು. ಮೂಡದಿದ್ದರೆ ಚಿಪ್ ಚರ್ಮದಡಿ ಹೋಗಿಲ್ಲ, ಕೂದಲಿನಲ್ಲಿ ಸಿಕ್ಕಿಕೊಂಡಿದೆ ಎಂದೇ ಮೊದಲು ಸಂಶಯಪಡಬೇಕು. ಉದ್ದ ಕೂದಲಿನ ತಳಿಗಳಲ್ಲಿ ಹೀಗಾಗುವುದುಂಟು. ಬಾರ್‌ಕೋಡ್ ಚೀಟಿಯನ್ನು ಲಸಿಕೆ ಪುಸ್ತಕಕ್ಕೆ ಅಂಟಿಸುವುದನ್ನು ಮಾಲೀಕರು ಎದುರಿಗೇ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ಕೆಲವು ನಾಯಿಗಳಲ್ಲಿ ಚಿಪ್ ಹಾಕಿದ ಜಾಗದಿಂದ ಜಾರಿ ಭುಜಕ್ಕೋ ಮುಂಗಾಲಿನ ಕಡೆಗೋ ಇಳಿಯುತ್ತದೆ. ಅದರಿಂದ ನಾಯಿಗೆ ತೊಂದರೆಯಿಲ್ಲ. ತೊಂದರೆಯಿರುವುದು ಹುಡುಕುವವರಿಗೆ. ಹೆಗಲ ಮೇಲೊಮ್ಮೆ ಸ್ಕ್ಯಾನರ್ ಸೋಕಿಸಿ 'ಚಿಪ್ ಇಲ್ಲ' ಎಂದುಬಿಡುವುದು ತಪ್ಪು. ಬೆನ್ನು, ಎರಡೂ ಭುಜ, ಮೊಣಕೈವರೆಗೆ ನಿಧಾನವಾಗಿ ಆಡಿಸಬೇಕು. ಸ್ಟೀಲ್ ಮೇಜು, ಲೋಹದ ಸರಪಳಿ ಕೂಡ ಓದಿಗೆ ಅಡ್ಡಿ ಮಾಡುತ್ತವೆ.

ಆರೋಗ್ಯದ ಅಂಜಿಕೆ

ಚಿಪ್‌ನಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತಿಗೆ ಮೂಲವಿಲ್ಲದಿಲ್ಲ. ಪ್ರಯೋಗಾಲಯದ ಇಲಿಗಳಲ್ಲಿ ಚಿಪ್ ಸುತ್ತ ಗಡ್ಡೆ ಬೆಳೆದ ವರದಿಗಳಿವೆ. ನಾಯಿಗಳಲ್ಲಿ ಚಿಪ್ ಇದ್ದ ಜಾಗದಲ್ಲಿ ಗಡ್ಡೆ ಕಂಡ ಬೆರಳೆಣಿಕೆಯ ಪ್ರಕರಣಗಳು ಪಶುವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಜಗತ್ತಿನಲ್ಲಿ ಕೋಟಿಗಟ್ಟಲೆ ಪ್ರಾಣಿಗಳು ಚಿಪ್ ಹೊತ್ತಿವೆ ಎಂಬುದನ್ನು ಮುಂದಿಟ್ಟು ನೋಡಿದರೆ ಅಪಾಯ ತೀರಾ ಚಿಕ್ಕದು. ತಪ್ಪಿಸಿಕೊಂಡ ನಾಯಿಯೊಂದು ವಾಹನಕ್ಕೆ ಸಿಕ್ಕುವ ಅಪಾಯ ಇದಕ್ಕಿಂತ ಎಷ್ಟೋ ಪಾಲು ದೊಡ್ಡದೆಂದು ಪ್ರತಿ ಮಾಲೀಕರಿಗೂ ಗೊತ್ತು. ಆದರೂ ಹೆಗಲ ನಡುವೆ ಗಂಟು ಕೈಗೆ ಸಿಕ್ಕಿದರೆ ತೋರಿಸದೆ ಬಿಡಬಾರದು. ಚಿಪ್ ಇರುವ ನಾಯಿಗೂ ಎಂಆರ್‌ಐ ಮಾಡಿಸಬಹುದು, ಚಿಪ್ ಇರುವ ಸುತ್ತಮುತ್ತ ಚಿತ್ರ ಕದಡುತ್ತದೆ ಅಷ್ಟೆ.

ಪ್ರಯೋಜನ ಎಷ್ಟು?

ಈ ಪ್ರಶ್ನೆಗೆ ಹೆಚ್ಚು ಉಲ್ಲೇಖವಾಗುವ ಉತ್ತರ 2009ರ ಒಂದು ಅಮೆರಿಕನ್ ಅಧ್ಯಯನದ್ದು. ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಲಿಂಡಾ ಲಾರ್ಡ್ ಮತ್ತು ಸಂಗಡಿಗರು 53 ಆಶ್ರಯಕೇಂದ್ರಗಳಿಗೆ ಬಂದ, ಚಿಪ್ ಇದ್ದ 7,704 ಪ್ರಾಣಿಗಳ ಜಾಡು ಹಿಡಿದರು. ಆ ಕೇಂದ್ರಗಳಿಗೆ ಬಂದ ದಾರಿತಪ್ಪಿದ ನಾಯಿಗಳಲ್ಲಿ ಒಟ್ಟಾರೆ ಮನೆ ಸೇರಿದ್ದು ನೂರಕ್ಕೆ 21.9, ಚಿಪ್ ಇದ್ದವುಗಳಲ್ಲಿ ನೂರಕ್ಕೆ 52.2. ಬೆಕ್ಕುಗಳಲ್ಲಿ ಅಂತರ ಇನ್ನೂ ದೊಡ್ಡದು, 1.8 ಎದುರಿಗೆ 38.5. ಚಿಪ್ ಹಾಕಿಸುವ ಮನೆಯವರು ಮೊದಲೇ ಹೆಚ್ಚು ಕಾಳಜಿಯವರಾಗಿದ್ದು, ಹುಡುಕಿಕೊಂಡು ಬರುವುದೂ ಹೆಚ್ಚಿರಬಹುದು. ಇಡೀ ವ್ಯತ್ಯಾಸವನ್ನು ಚಿಪ್ ಒಂದಕ್ಕೇ ಬರೆಯಲಾಗದು. ಅದೇ ಅಧ್ಯಯನದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಚಿಪ್ ಇದ್ದೂ ಮಾಲೀಕರು ಸಿಗದೇ ಹೋದದ್ದಕ್ಕೆ ಮೊದಲ ಕಾರಣ, ದಾಖಲೆಯಲ್ಲಿದ್ದ ಫೋನ್ ನಂಬರ್ ತಪ್ಪಾಗಿದ್ದದ್ದು ಅಥವಾ ನಿಂತುಹೋಗಿದ್ದದ್ದು. ಕೆಲವರು ಚಿಪ್ ಹಾಕಿಸಿ ನೋಂದಣಿಯನ್ನೇ ಮಾಡಿಸಿರಲಿಲ್ಲ.

ನಮ್ಮಲ್ಲಿ ನಾಯಿಗಳು ಕಾಣೆಯಾಗುವ ಕಾಲ ಎಂದರೆ ದೀಪಾವಳಿ. ಪಟಾಕಿಯ ಸದ್ದಿಗೆ ಬೆದರಿದ ನಾಯಿ ಗೇಟು ಹಾರುತ್ತದೆ, ಬೆಲ್ಟ್ ಕಿತ್ತುಕೊಂಡು ಓಡುತ್ತದೆ, ಗೊತ್ತಿಲ್ಲದ ಬಡಾವಣೆಯ ಯಾವುದೋ ಕಾರಿನಡಿ ನಡುಗುತ್ತ ಕೂರುತ್ತದೆ. ಬೆಳಿಗ್ಗೆ ವಿದ್ಯುತ್ ಕಂಬಗಳ ಮೇಲೆ 'ನಾಯಿ ಕಾಣೆಯಾಗಿದೆ' ಎಂಬ ಚೀಟಿಗಳು. ಬೆಲ್ಟ್ ಹೋದ ಮೇಲೂ ನಾಯಿಯ ಜೊತೆ ಉಳಿಯುವ ಗುರುತು ಚಿಪ್ ಒಂದೇ. ಆದರೆ ಅದನ್ನು ಓದಬಲ್ಲ ಸ್ಕ್ಯಾನರ್ ಇರುವ ಚಿಕಿತ್ಸಾಲಯಕ್ಕೆ ಯಾರಾದರೂ ನಾಯಿಯನ್ನು ಒಯ್ಯಬೇಕು. ಕೊರಳಪಟ್ಟಿಗೆ ಹೊಲಿದ ಫೋನ್ ನಂಬರನ್ನು ಎದುರುಮನೆಯ ಹುಡುಗನೂ ಓದುತ್ತಾನೆ. ಹಾಗಾಗಿ ಎರಡೂ ಇರಬೇಕು.

ನೋಂದಣಿ

ಚಿಪ್ ಚರ್ಚೆಯ ತಿರುಳಿರುವುದು ಇಲ್ಲಿ. ಬ್ರಿಟನ್ನಿನಲ್ಲಿ ಕಾನೂನಿನ ಒಪ್ಪಿಗೆ ಪಡೆದ ಖಾಸಗಿ ನೋಂದಣಿ ಸಂಸ್ಥೆಗಳು ಇಪ್ಪತ್ತಕ್ಕೂ ಹೆಚ್ಚು. ಸಂಖ್ಯೆ ಯಾವ ಸಂಸ್ಥೆಯಲ್ಲಿದೆ ಎಂದು ತಿಳಿಯಲೇ ಮತ್ತೊಂದು ಹುಡುಕಾಟ. ಅಮೆರಿಕದಲ್ಲಿ ಈ ಹುಡುಕಾಟಕ್ಕೆಂದೇ ಪ್ರಾಣಿ ಆಸ್ಪತ್ರೆಗಳ ಸಂಘ ಒಂದು ಸಾಮಾನ್ಯ ತಾಣ ನಡೆಸುತ್ತಿದೆ. 2025ರ ಆರಂಭದಲ್ಲಿ ಅಲ್ಲಿನ ಒಂದು ಚಿಪ್ ಕಂಪನಿ ಏಕಾಏಕಿ ಬಾಗಿಲು ಮುಚ್ಚಿತು. ಅದರ ಚಿಪ್ ಹೊತ್ತ ನಾಯಿಗಳ ಮೈಯೊಳಗಿನ ಸಂಖ್ಯೆಗಳು ಹಾಗೇ ಇದ್ದವು, ಆ ಸಂಖ್ಯೆ ಕೇಳಿದರೆ ಉತ್ತರಿಸುವವರು ಇರಲಿಲ್ಲ. ಮಾಲೀಕರು ಅದೇ ಸಂಖ್ಯೆಯನ್ನು ಬೇರೆ ಸಂಸ್ಥೆಗಳಲ್ಲಿ ಮತ್ತೆ ನೋಂದಾಯಿಸಬೇಕಾಯಿತು.

ಭಾರತದಲ್ಲಿ ಹಸು ಎಮ್ಮೆಗಳ ಕಿವಿಗೆ ಹಾಕುವ ಹಳದಿ ಟ್ಯಾಗಿನ 12 ಅಂಕಿಗಳ ಹಿಂದೆ ಸರ್ಕಾರದ ಒಂದೇ ರಾಷ್ಟ್ರೀಯ ದತ್ತಾಂಶವಿದೆ. ಯಾವ ಹಳ್ಳಿಯ ಪಶುವೈದ್ಯರೂ ಆ ಸಂಖ್ಯೆ ನೋಡಿ ರಾಸಿನ ಲಸಿಕೆ, ಮಾಲೀಕರ ವಿವರ ತಿಳಿಯಬಹುದು. ಸಾಕುನಾಯಿಗಳ ಚಿಪ್‌ಗಳಿಗೆ ಅಂಥ ಒಂದೇ ಮನೆ ಇಲ್ಲ. ಚಿಪ್ ಮಾರುವ ಕಂಪನಿಯ ತಾಣ, ಕೆನಲ್ ಕ್ಲಬ್‌ನ ದಾಖಲೆ, ಪಾಲಿಕೆಯ ಪರವಾನಗಿ ಪಟ್ಟಿ, ಚಿಕಿತ್ಸಾಲಯದ ಕಂಪ್ಯೂಟರು, ಹೀಗೆ ವಿವರಗಳು ಚದುರಿವೆ. ಆದ್ದರಿಂದ ಇಲ್ಲಿ ಚಿಪ್ ಹಾಕಿಸುವವರು ಪಶುವೈದ್ಯರನ್ನು ಕೇಳಲೇಬೇಕಾದ ಮೊದಲ ಪ್ರಶ್ನೆ: 'ಈ ನಂಬರನ್ನು ಯಾವ ದಾಖಲೆಯಲ್ಲಿ, ಯಾರ ಹೆಸರಲ್ಲಿ ಸೇರಿಸ್ತೀರಿ?' ಉತ್ತರ ಸಿಗದಿದ್ದರೆ ನೋಂದಣಿ ಆಗಿಲ್ಲ ಎಂದೇ ಅರ್ಥ.

ಕಾನೂನು

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 2016ರ ಏಪ್ರಿಲ್ 6ರಿಂದ ಮರಿಗೆ 8 ವಾರ ತುಂಬುವುದರೊಳಗೆ ಚಿಪ್ ಕಡ್ಡಾಯ. ತಪ್ಪಿದರೆ 500 ಪೌಂಡ್‌ವರೆಗೆ ದಂಡ. ಉತ್ತರ ಐರ್ಲೆಂಡ್ 2012ರಲ್ಲೇ ಈ ಕ್ರಮ ತಂದಿತ್ತು. 2024ರ ಜೂನ್ 10ರಿಂದ ಇಂಗ್ಲೆಂಡ್ ಸಾಕುಬೆಕ್ಕುಗಳಿಗೂ ಕಡ್ಡಾಯ ಮಾಡಿತು. ನ್ಯೂಜಿಲೆಂಡ್‌ನಲ್ಲಿ 2006ರ ಜುಲೈಯಿಂದ ಹೊಸದಾಗಿ ನೋಂದಣಿಯಾಗುವ ನಾಯಿಗಳಿಗೆ ಚಿಪ್ ಬೇಕು, ದನ ಕುರಿ ಕಾಯುವ ನಾಯಿಗಳಿಗೆ ವಿನಾಯಿತಿ. ಜಪಾನ್ 2022ರ ಜೂನ್‌ನಿಂದ ಹೊಣೆಯನ್ನು ಮರಿ ಮಾರುವವರ ಮೇಲೆ ಹೊರಿಸಿದೆ. ಅಮೆರಿಕದಲ್ಲಿ ಎಲ್ಲ ನಾಯಿಗಳಿಗೂ ಅನ್ವಯಿಸುವ ರಾಷ್ಟ್ರೀಯ ಕಾನೂನಿಲ್ಲ.

ಭಾರತದಲ್ಲೂ ಪ್ರತಿ ಮಾಲೀಕರಿಗೆ ಅನ್ವಯಿಸುವ ಕೇಂದ್ರ ಕಾನೂನಿಲ್ಲ. ನಾಯಿ ಸಾಕಣೆ ಮತ್ತು ಮಾರಾಟ ಕುರಿತ 2017ರ ಕೇಂದ್ರ ನಿಯಮಗಳು ತಳಿಗಾರರು ಮರಿಗಳಿಗೆ ಚಿಪ್ ಹಾಕಿಸಿ ದಾಖಲೆಯಿಡಬೇಕೆಂದು ಹೇಳುತ್ತವೆ. ಬೆಂಗಳೂರು ಮಹಾನಗರ ಪಾಲಿಕೆಯ 2018ರ ಸಾಕುನಾಯಿ ಪರವಾನಗಿ ನಿಯಮಗಳಲ್ಲಿ ಚಿಪ್ ವಿಚಾರವೂ ಇತ್ತು. ಆದರೆ ಫ್ಲ್ಯಾಟಿಗೊಂದೇ ನಾಯಿ ಎಂಬ ಮಿತಿಗೆ ಎದ್ದ ಪ್ರತಿಭಟನೆಯಲ್ಲಿ ಆ ನಿಯಮಗಳೇ ಹಿಂದೆ ಸರಿದವು. ಒಳ್ಳೆಯ ಅಂಶವೊಂದು ಬೇಡದ ಅಂಶದ ಜೊತೆ ಕೊಚ್ಚಿಹೋಯಿತು. ಚೆನ್ನೈ ಪಾಲಿಕೆ 2025ರಲ್ಲಿ ಪರವಾನಗಿಯ ಜೊತೆಗೇ ಚಿಪ್ಪನ್ನೂ ಕಡ್ಡಾಯಗೊಳಿಸಿದೆ.

ವಿದೇಶ ಪ್ರಯಾಣ

ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವ ಬೆಂಗಳೂರಿನ ಕುಟುಂಬಗಳು ನಾಯಿಯನ್ನೂ ಒಯ್ಯುವುದು ಈಗ ಸಾಮಾನ್ಯ. ಇವರಿಗೆ ಚಿಪ್ ಆಯ್ಕೆಯ ಮಾತಲ್ಲ. ಭಾರತದಿಂದ ಯೂರೋಪಿಗೆ ಹೋಗುವ ನಾಯಿಗೆ ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನದ ನಂತರ ರಕ್ತ ತೆಗೆದು ಪ್ರತಿಕಾಯ ಮಟ್ಟ ಪ್ರತಿ ಮಿಲಿಲೀಟರಿಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇದೆಯೆಂದು ಮಾನ್ಯ ಪ್ರಯೋಗಾಲಯದಿಂದ ಖಾತರಿ ಪಡೆಯಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಚಿಪ್‌ಗೆ ಮೊದಲೇ ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಆ ಲಸಿಕೆ ಇದೇ ನಾಯಿಗೆ ಬಿತ್ತೆಂದು ಹೇಳುವ ಗುರುತು ಆಗ ಇರಲಿಲ್ಲ. ಈ ಕ್ರಮ ತಿಳಿಯದೆ ಟಿಕೆಟ್ ತೆಗೆದವರು ನಾಯಿಯನ್ನು ನಾಲ್ಕೈದು ತಿಂಗಳು ನೆಂಟರ ಮನೆಯಲ್ಲಿ ಬಿಟ್ಟು ಹೋಗಬೇಕಾಗುತ್ತದೆ. ಅಮೆರಿಕ ಕೂಡ 2024ರ ಆಗಸ್ಟ್ 1ರಿಂದ ಒಳಬರುವ ನಾಯಿಗೆ ಚಿಪ್ ಇರಬೇಕು, ಆರು ತಿಂಗಳು ತುಂಬಿರಬೇಕು ಎಂದಿದೆ. ಭಾರತ ಅದರ ರೇಬಿಸ್ ಅಪಾಯದ ಪಟ್ಟಿಯಲ್ಲಿರುವುದರಿಂದ ಇನ್ನಷ್ಟು ಕಾಗದಪತ್ರ ಬೇಕು.

ತಳಿ, ಒಡೆತನ, ಬೀದಿ ನಾಯಿ

ವಂಶಾವಳಿ ಕಾಯುವವರಿಗೂ ಚಿಪ್ ಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ನಾಯಿಗಳನ್ನೇ ನೋಡಿ. ತೆಳು ಸೊಂಟ, ಉದ್ದ ಮುಖ, ಕಣ್ಣಿಗೆ ಒಂದರಂತೆ ಇನ್ನೊಂದು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಂಥ ಕಡೆ ಯಾವ ಮರಿ ಯಾವ ಜೋಡಿಯದು ಎಂದು ನಿಖರವಾಗಿ ಹೇಳಲಾಗದಿದ್ದರೆ ತಳಿ ಕಾಪಾಡುವ ಕೆಲಸವೇ ಸಡಿಲವಾಗುತ್ತದೆ. ಬೆಲೆಬಾಳುವ ಮರಿ ಕಳವಾಗಿ ಇನ್ನೊಂದು ಊರಿನಲ್ಲಿ ಸಿಕ್ಕಾಗ ಠಾಣೆಯಲ್ಲಿ ಹಳೆಯ ಫೋಟೊ ಒಡೆತನವನ್ನು ಅಷ್ಟಾಗಿ ಸಾಬೀತು ಮಾಡುವುದಿಲ್ಲ. ದಾಖಲೆಯಲ್ಲಿರುವ ಸಂಖ್ಯೆ ಮೈಯಲ್ಲೂ ಓದಿಸಿದರೆ ವಾದ ಬೇಗ ಮುಗಿಯುತ್ತದೆ. ಸಾಕಲಾರದೆ ದೊಡ್ಡ ತಳಿಯ ನಾಯಿಗಳನ್ನು ರಿಂಗ್ ರಸ್ತೆಯಂಚಿಗೆ ಬಿಟ್ಟುಹೋಗುವವರನ್ನು ಗುರುತಿಸುವುದಕ್ಕೂ ಇದೇ ದಾರಿ.

ಬೀದಿ ನಾಯಿಗಳದ್ದು ಬೇರೆ ಲೆಕ್ಕ. ಸಂತಾನಹರಣವಾದದ್ದಕ್ಕೆ ಕಿವಿಯಂಚಿನ ಕಚ್ಚು ಗುರುತು, ದೂರದಿಂದಲೇ ಕಾಣುತ್ತದೆ. ಆದರೆ ರೇಬಿಸ್ ಲಸಿಕೆ ಯಾವಾಗ ಬಿತ್ತು ಎಂಬುದನ್ನು ಕಚ್ಚು ಹೇಳದು. 2023ರ ಎಣಿಕೆಯಲ್ಲಿ ಬೆಂಗಳೂರಿನ ಬೀದಿ ನಾಯಿಗಳು ಸುಮಾರು 2.79 ಲಕ್ಷ. ಅವುಗಳಿಗೂ ಚಿಪ್ ಹಾಕಿ ಲಸಿಕೆಯ ಲೆಕ್ಕವಿಡುವ ಪ್ರಯೋಗ ನಗರದಲ್ಲಿ ಶುರುವಾಗಿದೆ.

ಮಾಲೀಕರ ಪಾಲು

ಸಾಕುನಾಯಿಗೆ ಚಿಪ್ ಹಾಕಿಸಬೇಕು ಎಂಬುದೇ ಈ ಲೇಖನದ ನಿಲುವು. ಜೊತೆಗೆ ಫೋನ್ ನಂಬರ್ ಬದಲಾದ ದಿನವೇ ದಾಖಲೆ ತಿದ್ದಬೇಕು. ಮನೆ ಬದಲಾದಾಗ, ನಾಯಿಯನ್ನು ಇನ್ನೊಬ್ಬರಿಗೆ ಕೊಟ್ಟಾಗ ಕೂಡ. ವರ್ಷದ ಲಸಿಕೆಗೆ ಹೋದಾಗ 'ಒಮ್ಮೆ ಚಿಪ್ ಓದಿ ನೋಡಿ' ಎಂದು ಕೇಳಿದರೆ ಅದು ಜಾರಿದೆಯೇ, ಕೆಲಸ ಮಾಡುತ್ತಿದೆಯೇ ತಿಳಿಯುತ್ತದೆ. ಸಂಖ್ಯೆಯನ್ನು ಮನೆಯ ಇಬ್ಬರ ಫೋನಿನಲ್ಲಾದರೂ ಬರೆದಿಡಬೇಕು. ನಾಯಿ ಕಾಣೆಯಾದ ರಾತ್ರಿ ಲಸಿಕೆ ಪುಸ್ತಕ ಕೈಗೆ ಸಿಗುವುದಿಲ್ಲ. ನಾಯಿ ತೀರಿಕೊಂಡಾಗ ಅದನ್ನೂ ದಾಖಲೆಗೆ ಸೇರಿಸಬೇಕು. ಬಹಳ ಮಂದಿ ಇದೊಂದನ್ನು ಮಾಡಲಾರದೆ ಮುಂದೂಡುತ್ತಾರೆ, ಅದು ಅರ್ಥವಾಗುವಂಥದೇ. ಆ 15 ಅಂಕಿಯನ್ನು ಇನ್ನೊಂದು ನಾಯಿಗೆ ಕೊಡುವುದಿಲ್ಲ.